ಗುದ್ದಲಿ ತಾಗುವ ಮುನ್ನ

ಭಕ್ತಸಮೂಹವೊಂದು ತನ್ನ ಪ್ರಾರ್ಥನಾ ಮಂದಿರಕ್ಕೆ ಗುದ್ದಲಿ ಪೂಜೆ ಮಾಡುವ ದಿನ ಹಬ್ಬವೇ ಸರಿ. ವರ್ಷಗಟ್ಟಲೆ ಶಾಲೆಯ ಸಭಾಂಗಣವನ್ನು ಬಾಡಿಗೆಗೆ ಹಿಡಿದು, ಪೂಜೆ ಮುಗಿದೊಡನೆ ದೇವರ ಪಟವನ್ನು ಕಾರಿನ ಡಿಕ್ಕಿಗೆ ಸೇರಿಸಿದವರಿಗೆ ಆ ಸಂತೋಷದ ಬೆಲೆ ಗೊತ್ತು. ಮೆಲ್ಬರ್ನ್‌ನ ಆಗ್ನೇಯಕ್ಕಿರುವ ಕ್ರಾನ್‌ಬರ್ನ್ ಸುತ್ತಿನ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಗೆ ಹತ್ತಿರದ ಕ್ಯಾರಮ್ ಡೌನ್ಸ್‌ನ ಶಿವ-ವಿಷ್ಣು ದೇವಾಲಯಕ್ಕೆ ಹಿಂದೂ ಸೊಸೈಟಿ ಆಫ್ ವಿಕ್ಟೋರಿಯಾ 1980ರ ದಶಕದಲ್ಲೇ ಓಡಾಟ ಶುರುಮಾಡಿತ್ತು; ಕುಂಭಾಭಿಷೇಕ ಆದದ್ದು 1994ರಲ್ಲಿ. 2016ರಲ್ಲಿ 4,40,300 ಇದ್ದ ಆಸ್ಟ್ರೇಲಿಯಾದ ಹಿಂದೂಗಳ ಸಂಖ್ಯೆ 2021ರ ಜನಗಣತಿಯಲ್ಲಿ 6,84,002ಕ್ಕೆ ಏರಿದೆ. ಇನ್ನಷ್ಟು ಗುದ್ದಲಿ ಪೂಜೆಗಳು ನಡೆಯಲಿವೆ, ನಡೆಯಲಿ. ಆದರೆ ಆ ಪೂಜೆಯನ್ನು ನಾವು ಅರ್ಧಕ್ಕೆ ನಿಲ್ಲಿಸಬಾರದು.

ಗುದ್ದಲಿ ಪೂಜೆಯ ಜೀವ ಇರುವುದು ಕೇಳಿಕೊಳ್ಳುವುದರಲ್ಲಿ. ಅಗೆಯುತ್ತಿದ್ದೇವೆ, ಕ್ಷಮಿಸು ಎಂದು ಭೂತಾಯಿಯನ್ನು ಬೇಡುತ್ತೇವೆ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯಂದು ಫಸಲು ಹೊತ್ತ ನೆಲವನ್ನು ಬಸುರಿಯೆಂದು ಭಾವಿಸಿ, ಬಗೆಬಗೆಯ ಅಡುಗೆ ಮಾಡಿ ಗದ್ದೆಗೆ ಚರಗ ಬೀರುತ್ತಾರೆ. ತುಳುನಾಡಿನಲ್ಲಿ ಕೆಡ್ಡಸದ ದಿನಗಳಲ್ಲಿ ಭೂಮಿ ಮುಟ್ಟಾಗಿದ್ದಾಳೆಂದು ನೆಲ ಅಗೆಯುವುದಿಲ್ಲ. ಹೊಸ ಮನೆ ಕಟ್ಟುವಾಗ ಆ ಜಾಗದ ನಾಗ ಯಾವುದು, ದೈವ ಯಾವುದು ಎಂದು ವಿಚಾರಿಸುವ ರೂಢಿಯೂ ಅಲ್ಲಿದೆ. ನಮಗಿಂತ ಮೊದಲು ಈ ನೆಲ ಯಾರದಾಗಿತ್ತು ಎಂಬ ಪ್ರಶ್ನೆಯೇ ಅದು.

ಕ್ರಾನ್‌ಬರ್ನ್‌ನಲ್ಲಿ ಆ ಪ್ರಶ್ನೆಗೆ ಉತ್ತರ: ಬುನುರೊಂಗ್ ಜನ. ಈ ಸೀಮೆಯ ಮೂಲನಿವಾಸಿ ಪರಂಪರೆಯ ವಿಷಯದಲ್ಲಿ ಮಾತನಾಡುವ ಅಧಿಕಾರ ಕಾನೂನಿನ ಪ್ರಕಾರ ಬುನುರೊಂಗ್ ಲ್ಯಾಂಡ್ ಕೌನ್ಸಿಲ್‌ಗಿದೆ. ಪರಂಪರೆಯ ಕುರುಹುಗಳಿರಬಹುದಾದ ಜಾಗದಲ್ಲಿ ದೊಡ್ಡ ಕಟ್ಟಡ ಎಬ್ಬಿಸುವುದಾದರೆ ಅವುಗಳ ರಕ್ಷಣೆಗೆ ಮೊದಲೇ ಯೋಜನೆ ಸಿದ್ಧಪಡಿಸಬೇಕೆಂದು ವಿಕ್ಟೋರಿಯಾದ 2006ರ ಕಾಯ್ದೆ ಹೇಳುತ್ತದೆ. ಕಾಯ್ದೆಗೆ ಕಾಗದ ಸಾಕು, ಪೂಜೆಗೆ ಸಾಲದು. ಭೂತಾಯಿಯ ಕ್ಷಮೆ ಕೇಳಿ, ಅವಳ ಮಡಿಲಲ್ಲಿ ಸಾವಿರಾರು ವರ್ಷ ಬಾಳಿ, ಯುರೋಪಿನವರು ಬಂದ ಮೇಲೆ ನೆಲ ಕಳೆದುಕೊಂಡ ಮಕ್ಕಳನ್ನು ಮರೆತರೆ ಆ ಕ್ಷಮಾಪಣೆ ಅವಳಿಗೆ ಮುಟ್ಟೀತೆ?

ಹೊರಗಿನಿಂದ ಬಂದವರು ಈ ನೆಲವನ್ನು, ಇಲ್ಲಿಯ ನುಡಿಯನ್ನು ಗೌರವಿಸಲಿ ಎಂದು ಬೆಂಗಳೂರಿನಲ್ಲಿ ಗಟ್ಟಿಯಾಗಿ ಕೇಳುವವರು ನಾವು. ಆ ಬೇಡಿಕೆ ನ್ಯಾಯವಾದದ್ದು. ಕ್ರಾನ್‌ಬರ್ನ್‌ನಲ್ಲಿ ಹೊರಗಿನಿಂದ ಬಂದವರು ನಾವೇ. ಅಲ್ಲಿ ಕೇಳಿದ್ದನ್ನು ಇಲ್ಲಿ ಕೊಡಬೇಕು.

ಆದ್ದರಿಂದ ದೇವಸ್ಥಾನವಾಗಲಿ, ಚರ್ಚ್ ಆಗಲಿ, ಸಮುದಾಯ ಭವನವೇ ಆಗಲಿ, ಕಟ್ಟಡ ಸಮಿತಿಗಳಲ್ಲಿ ನಮ್ಮ ಮನವಿ ಇಷ್ಟೆ. ಪುರೋಹಿತರನ್ನೋ ಪಾದ್ರಿಗಳನ್ನೋ ಕೇಳಿ ದಿನ ಗೊತ್ತುಮಾಡುವಾಗಲೇ ಬುನುರೊಂಗ್ ಲ್ಯಾಂಡ್ ಕೌನ್ಸಿಲ್‌ಗೂ ಒಂದು ಪತ್ರ ಬರೆಯಿರಿ. ಅವರ ಹಿರಿಯರನ್ನು ಕರೆಯಿರಿ. ‘ವೆಲ್‌ಕಮ್ ಟು ಕಂಟ್ರಿ’ ಎಂದು ಇಲ್ಲಿ ಕರೆಯುವ ನೆಲದ ಸ್ವಾಗತವನ್ನು ಅವರು ನಡೆಸಿಕೊಟ್ಟ ಮೇಲೆ ಗುದ್ದಲಿ ನೆಲಕ್ಕೆ ತಾಗಲಿ. ಊಟಕ್ಕೆ ಎಲೆ ಹಾಕುವಾಗ ಮೊದಲ ಪಂಕ್ತಿಯಲ್ಲಿ ಅವರನ್ನು ಕೂರಿಸಿ.