ಅಟ್ಟದಿಂದಿಳಿದ ಗೊಂಬೆಗಳು

ವರ್ಷದ ಬಹುಪಾಲು ದಿನಗಳನ್ನು ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆಯಲ್ಲಿ, ಹಳೆಯ ಸೀರೆಯ ಚೂರುಗಳನ್ನು ಹೊದ್ದು ಮಲಗಿ ಕಳೆದು, ಶರದೃತುವಿನ ಹತ್ತು ದಿನ ಮಾತ್ರ ಮನೆಯ ನಡುಕೋಣೆಯನ್ನೇ ಆಳುವ ಒಂದು ಸಂಸಾರ ಉಂಟು. ಅದು ಗೊಂಬೆಗಳ ಸಂಸಾರ. ಆ ಸಂಸಾರದಲ್ಲಿ ರಾಜ ರಾಣಿಯರಿದ್ದಾರೆ, ದಶಾವತಾರದ ದೇವರುಗಳಿದ್ದಾರೆ, ಅಕ್ಕಿ ಬೇಳೆಗಳ ಅಂಗಡಿ ಹರಡಿಕೊಂಡು ಕುಳಿತ ಶೆಟ್ಟಿ ದಂಪತಿಗಳಿದ್ದಾರೆ, ಕೊಡ ಹೊತ್ತ ಹೆಂಗಸು, ಬೀಸುವ ಕಲ್ಲಿನ ಮುದುಕಿ, ಒಂದು ಕಿವಿ ಮುರಿದ ಆನೆ ಎಲ್ಲರೂ ಇದ್ದಾರೆ.

ಹೊರದೇಶಗಳಲ್ಲಿ ಆಟಿಕೆಗಳನ್ನು ಸಂಗ್ರಹಿಸುವ ಹವ್ಯಾಸಿಗಳು ಆಗಾಗ ಒಂದೆಡೆ ಸೇರಿ ಸಮ್ಮೇಳನ ನಡೆಸುವುದುಂಟು. ತಮ್ಮಲ್ಲಿರುವುದನ್ನು ತೋರಿಸುವುದು, ಇತರರಲ್ಲಿರುವುದನ್ನು ಕಂಡು ಬೆರಗಾಗುವುದು, ಇಲ್ಲದ್ದನ್ನು ಕೊಂಡು ತರುವುದು ಅವರ ಕಾರ್ಯಕ್ರಮ. ನಿಂತುಹೋದ ಸಮ್ಮೇಳನವೊಂದು ಪುನಃ ಸೇರುವುದೆಂಬ ಸುದ್ದಿ ಬಂದರೆ ಅವರ ಸಂಭ್ರಮಕ್ಕೆ ಪಾರವಿರುವುದಿಲ್ಲ. ಕನ್ನಡ ನಾಡಿನ ಗೃಹಿಣಿಯರಿಗೆ ಇದರಲ್ಲಿ ಹೊಸತೇನೂ ಕಾಣದು. ನವರಾತ್ರಿ ಎಂಬ ಹೆಸರಿನಲ್ಲಿ ಇಂಥ ಸಮ್ಮೇಳನ ಅವರ ಮನೆಯಲ್ಲೇ ತಲೆಮಾರುಗಳಿಂದ ನಡೆದುಬಂದಿದೆ. ಅದು ಅನೇಕ ಮನೆಗಳಲ್ಲಿ ನಿಂತದ್ದೂ ನಿಜ. ಈಗ ಕೆಲಕೆಲವು ಕಡೆ ಮರಳಿ ತಲೆಯೆತ್ತುತ್ತಿರುವುದೂ ನಿಜ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಊರುಗಳಲ್ಲಿ ಗೊಂಬೆ ಏಕೆ ನಿಂತಿತೆಂದು ಕೇಳಿದರೆ ಉತ್ತರ ಕಠಿಣವಲ್ಲ. ಮಳೆಯನ್ನು ನೆಚ್ಚಿದ ಸೀಮೆ. ಓದಿದ ಮಕ್ಕಳು ತುಮಕೂರಿಗೋ ಬೆಂಗಳೂರಿಗೋ ಹೊರಟುಹೋದರು. ಹಿಂದೆಯೂ ಇಲ್ಲಿಂದ ಜನ ಹೋದದ್ದುಂಟು. ಒಂದು ಕಾಲಕ್ಕೆ ಮೊಗಲರ ಸುಬಾದ ಮುಖ್ಯ ಪಟ್ಟಣವಾಗಿ ಮೆರೆದ ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಬಳಿಯ ಗಂಜಾಮಿಗೆ ಸಾಗಿಸಿದನೆಂದು ಗೆಜೆಟಿಯರಿನಲ್ಲಿ ಬರೆದಿದೆ. ಅಂದು ಹೋದದ್ದು ದೊರೆಯ ಬಲವಂತಕ್ಕೆ. ಇಂದು ಹೋಗುವುದು ಹೊಟ್ಟೆಯ ಪಾಡಿಗೆ. ಎರಡು ಕೋಣೆಯ ಬಾಡಿಗೆ ಮನೆಗೆ ಗೊಂಬೆಯ ಪೆಟ್ಟಿಗೆಯನ್ನು ಹೊತ್ತೊಯ್ಯುವವರಾರು? ಅದು ಅಟ್ಟದ ಮೇಲೆಯೇ ಉಳಿಯಿತು. ಮಣ್ಣಿನ ಗೊಂಬೆಗಳಿಗೆ ತೇವ ತಗಲಿ ಬಣ್ಣ ಉದುರಿತು. ಮರದ ಗೊಂಬೆಗಳಿಗೆ ಹುಳು ಹಿಡಿಯಿತು.

ಗೊಂಬೆ ಮರಳಿ ಬಂದ ಬಗೆ ಕೌತುಕಕರವಾದುದು. ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು 2005ರಲ್ಲಿ ‘ಬೊಂಬೆ ಮನೆ’ ಎಂಬ ದಸರಾ ಗೊಂಬೆಗಳ ಪ್ರದರ್ಶನವನ್ನು ಆರಂಭಿಸಿತು. ನಾನಾ ಪ್ರಾಂತಗಳ ಗೊಂಬೆಗಳನ್ನು ಒಂದೇ ಸೂರಿನಡಿ ಕಾಣುವ, ಬೇಕಾದುದನ್ನು ಕೊಳ್ಳುವ ಅವಕಾಶ ಅದರಿಂದ ದೊರೆಯಿತು. ತಾಯಿ ಕೂರಿಸುತ್ತಿದ್ದುದನ್ನು ಕಂಡು ಬೆಳೆದು, ತಾನು ಮಾತ್ರ ಕೈಬಿಟ್ಟಿದ್ದ ಹೆಣ್ಣುಮಗಳಿಗೆ ಅಂಥ ಸ್ಥಳದಲ್ಲಿ ಒಂದು ಜೊತೆ ಗೊಂಬೆ ಕೊಂಡರೆ ಸಾಕು, ಅಟ್ಟದ ಪೆಟ್ಟಿಗೆಯ ನೆನಪು ತಾನಾಗಿ ಬರುತ್ತದೆ. 2020ರ ಸೋಂಕಿನ ವರ್ಷದಲ್ಲಿ ನೆರೆಹೊರೆಯವರನ್ನು ಕರೆಯುವಂತಿರಲಿಲ್ಲ; ಕೂರಿಸಿದ ಗೊಂಬೆಗಳ ಚಿತ್ರಗಳನ್ನು ಮೊಬೈಲಿನಲ್ಲಿ ಕಳುಹಿಸಿ ಜನ ತೃಪ್ತಿಪಟ್ಟರು. ಬಂದು ನೋಡುವವರಿಲ್ಲದ ಗೊಂಬೆ ಹಬ್ಬ ಎಷ್ಟು ಬರಿದೆಂಬುದು ಆ ವರ್ಷ ಎಲ್ಲರಿಗೂ ಮನದಟ್ಟಾಯಿತು.

ಮರಳಿ ಬಂದ ಹಬ್ಬವನ್ನು ಕಂಡವರೆಲ್ಲರೂ ಒಂದೇ ಬಗೆಯಾಗಿ ಹಿಗ್ಗುವುದಿಲ್ಲ. ಹಿರಿಯರಿಗೆ ಸಂತೋಷದೊಡನೆ ಒಂದಿಷ್ಟು ಅಸಮಾಧಾನ. “ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆ, ಕಲಶ, ಕೆಳಗೆ ದೇವರುಗಳು, ಅದರ ಕೆಳಗೆ ಸಂಸಾರಿಗಳು. ಈಗ ಕ್ರಿಕೆಟ್ ಆಟಗಾರರೂ ರೈಲುಗಾಡಿಯೂ ಬಂದು ಕುಳಿತಿವೆಯಲ್ಲ!” ಎಂಬುದು ಅವರ ಆಕ್ಷೇಪ. ಕಿರಿಯರಿಗೆ ಬೆಲೆಯ ಚಿಂತೆ. ಅಂಗಡಿಯ ಹೊಸ ಗೊಂಬೆಗಳ ಬೆಲೆ ಕೇಳಿ ಬರಿಗೈಯಲ್ಲಿ ಮರಳುವವರೂ ಉಂಟು. ಮಕ್ಕಳದು ಮಾತ್ರ ಒಂದೇ ಪ್ರಶ್ನೆ: “ಮುಟ್ಟಬಹುದೇ?”

ಹಿರಿಯರ ಆಕ್ಷೇಪಕ್ಕೆ ಇತಿಹಾಸವೇ ಉತ್ತರ ಹೇಳುತ್ತದೆ. ಮೈಸೂರು ಅರಮನೆಯ ಗೊಂಬೆ ತೊಟ್ಟಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಮತ್ತು ಇಪ್ಪತ್ತನೆಯ ಶತಮಾನದ ಆದಿಭಾಗದ ಗೊಂಬೆಗಳಿವೆ. ಗೊಂಬೆಗಳ ಸಭೆ ಯಾವ ಕಾಲದಲ್ಲಿಯೂ ತನ್ನ ಕಾಲದ ಪ್ರಪಂಚವನ್ನು ಹೊರಗಿಟ್ಟದ್ದಿಲ್ಲ. ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಅವರು 1965ರಲ್ಲಿ ಅಂತರರಾಷ್ಟ್ರೀಯ ಗೊಂಬೆಗಳ ವಸ್ತುಸಂಗ್ರಹಾಲಯವನ್ನು ತೆರೆದರು. ಅದರ ಬೀಜವಾದುದು ಮಕ್ಕಳ ಸ್ಪರ್ಧೆಯ ಬಹುಮಾನಕ್ಕೆಂದು ಹಂಗೆರಿಯ ರಾಯಭಾರಿ ಕೊಟ್ಟ ಒಂದೇ ಒಂದು ಗೊಂಬೆ. ಜಪಾನಿನಲ್ಲಿ ಮಾರ್ಚ್ 3ರಂದು ಹೆಣ್ಣುಮಕ್ಕಳ ಹಬ್ಬ. ಅಲ್ಲಿಯೂ ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳು; ಮೇಲ್ಮೆಟ್ಟಿಲಿನಲ್ಲಿ ಚಕ್ರವರ್ತಿ ದಂಪತಿಗಳು, ಕೆಳಗೆ ಊಳಿಗದವರು. ಹಬ್ಬ ಕಳೆದೊಡನೆ ಗೊಂಬೆಗಳನ್ನು ತೆಗೆದಿಡದಿದ್ದರೆ ಮಗಳ ಮದುವೆ ತಡವಾಗುವುದೆಂಬ ನಂಬಿಕೆ ಅಲ್ಲಿನ ತಾಯಂದಿರದು. ಇಲ್ಲಿ ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸಿ ಹಬ್ಬ ಮುಗಿಸುವ ಗೃಹಿಣಿಗೆ ಆ ತಾಯಂದಿರ ಮನಸ್ಸು ಬಿಡಿಸಿ ಹೇಳಬೇಕಾಗಿಲ್ಲ.

ಜಪಾನಿಗೂ ಕನ್ನಡ ನಾಡಿನ ಗೊಂಬೆಗೂ ಇನ್ನೊಂದು ನಂಟುಂಟು. ಚನ್ನಪಟ್ಟಣದ ಬಾವಾಸ್ ಮಿಯಾನ್ ಎಂಬ ಕುಶಲಿಗರು ಜಪಾನಿನ ಅರಗಿನ ಕೆಲಸದ ಕ್ರಮವನ್ನು ಅರಿತು ತಮ್ಮ ಊರಿನ ಕಸುಬಿಗೆ ಅಳವಡಿಸಿದರೆಂದು ಹೇಳುತ್ತಾರೆ. ಆಲೆಮರದ ತುಂಡನ್ನು ಚರಕಿಗೆ ಕೊಟ್ಟು ತಿರುಗಿಸಿ, ಆಕಾರ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಒಣಗಿದ ಕೇದಗೆಯ ಎಲೆಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರ ವಿಧಾನವೇ ಬೇರೆ. ಅವರು ಹಗುರವಾದ ಮರದಲ್ಲಿ ಅಂಗಾಂಗಗಳನ್ನು ಕೆತ್ತಿ ಜೋಡಿಸಿ, ಹುಣಸೆ ಬೀಜದ ಅಂಟು ಮತ್ತು ಮರದ ಹೊಟ್ಟಿನ ಕಲಸಿನಿಂದ ಸಂದುಗಳನ್ನು ತುಂಬಿ, ಮೇಲೆ ಬಣ್ಣ ಬರೆಯುವರು. ಮುಸಲ್ಮಾನ ಕುಶಲಿಗನ ಚರಕಿಯಲ್ಲಿ ಹುಟ್ಟಿದ ಗೊಂಬೆ ಹಿಂದೂ ಮನೆಯ ಮೆಟ್ಟಿಲೇರಿ ಮಂಗಳಾರತಿ ಪಡೆಯುವುದನ್ನು ಕಂಡವರಿಗೆ ಈ ನಾಡಿನ ಬಾಳ್ವೆಯ ಕುರಿತು ಬೇರೆ ಉಪದೇಶ ಬೇಕಿಲ್ಲ.

ಈ ಕಸುಬುಗಳಿಗೆ ಇತ್ತೀಚೆಗೆ ಸರ್ಕಾರದ ಆಸರೆಯೂ ಕೊಂಚ ದೊರೆತಿದೆ. ಚನ್ನಪಟ್ಟಣದ ಆಟಿಕೆಗೆ 2005-06ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಲಭಿಸಿತು. ಹೊರದೇಶದ ಆಟಿಕೆಗಳ ಮೇಲಿನ ಸುಂಕವನ್ನು 2020ರಲ್ಲಿ ನೂರಕ್ಕೆ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಲಾಯಿತು. 2021ರ ಫೆಬ್ರವರಿಯಲ್ಲಿ ಅಖಿಲ ಭಾರತದ ಆಟಿಕೆ ಮೇಳವೂ ನಡೆಯಿತು. ಆದರೆ ಸುಂಕದಿಂದ ಪರದೇಶದ ಗೊಂಬೆಯನ್ನು ತಡೆಯಬಹುದೇ ಹೊರತು, ಸ್ವದೇಶದ ಗೊಂಬೆಯನ್ನು ಮನೆಯೊಳಕ್ಕೆ ಕರೆತರಲಾಗದು. ಆ ಕೆಲಸ ಮನೆಯವರದೇ.

ಗೊಂಬೆಯನ್ನು ಕೂಡಿಡುವುದಕ್ಕೂ ಬಾಳಿಸುವುದಕ್ಕೂ ಅಂತರವುಂಟು. ಪಾವಗಡಕ್ಕೆ ಮೂರು ಕಡೆ ಆಂಧ್ರದ ಗಡಿ. ಗಡಿಯಾಚೆ ಧರ್ಮಾವರದ ಸಮೀಪದ ನಿಮ್ಮಲಕುಂಟ ಗ್ರಾಮದಲ್ಲಿ ತೊಗಲುಗೊಂಬೆಯ ಕುಟುಂಬಗಳಿವೆ. ಅಲ್ಲಿನ ದಳವಾಯಿ ಚಲಪತಿರಾಯರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಕೊಪ್ಪಳ ಜಿಲ್ಲೆಯ ವೃದ್ಧ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಅದೇ ಗೌರವ ಒಲಿಯಿತು. ಕರೆಸಿ ಆಡಿಸುವವರು ಕಡಿಮೆಯಾದಂತೆ ತೊಗಲಿನ ಕೆಲಸ ದೀಪದ ಮುಸುಕುಗಳಿಗೆ ತಿರುಗಿತು. ಹಳೆಯ ಗೊಂಬೆಗಳು ಸಂಗ್ರಾಹಕರ ಕೈ ಸೇರಿದವು. ಅಲಂಕಾರಕ್ಕೆಂದು ಗೋಡೆಗೆ ತೂಗುಹಾಕಿದ ರಾವಣನು ಚೆಲುವನೇ ಹೌದು. ಆದರೆ ಅವನು ಮಾತನಾಡುವುದಿಲ್ಲ. ಪೆಟ್ಟಿಗೆಯೊಳಗಿನ ದಸರಾ ಗೊಂಬೆಯ ಗತಿಯೂ ಅದೇ. ತೋರಿಸುವವರು, ನೋಡುವವರು, ಕಥೆ ಹೇಳುವವರು ಕೂಡಿದಾಗಲೇ ಗೊಂಬೆಗೆ ಜೀವ.

ಕಥೆಯ ಮಾತು ಬಂದುದರಿಂದ, ಪೆಟ್ಟಿಗೆ ಇಳಿಸಿದ ಮನೆಯೊಂದರಲ್ಲಿ ನಡೆಯಬಹುದಾದ ಸಂಭಾಷಣೆಯನ್ನು ವಾಚಕರು ಊಹಿಸಿಕೊಳ್ಳಬಹುದು.

“ಅತ್ತೆ, ಈ ಆನೆಗೆ ಒಂದು ಕಿವಿಯೇ ಇಲ್ಲ. ಬೇರೆಯದು ತಂದಿದ್ದೇವಲ್ಲ, ಇದನ್ನು ತೆಗೆದುಬಿಡಲೇ?”

“ಬೇಡಮ್ಮ. ಅದು ನಿನ್ನ ಗಂಡ ಮೂರು ವರ್ಷದವನಾಗಿದ್ದಾಗ ಕಚ್ಚಿ ಮುರಿದದ್ದು. ಮಧುಗಿರಿಯ ಮಾರಮ್ಮನ ಜಾತ್ರೆಯಲ್ಲಿ ಅವನ ತಾತ ಕೊಡಿಸಿದ್ದರು.”

“ಹಾಗೇನು ಅಜ್ಜಿ? ಅಪ್ಪ ಕಚ್ಚಿದರೇ?” ಎಂದು ಮಗು ನಗುತ್ತದೆ. ಅಂದಿನಿಂದ ಹೊಸ ಆನೆಗಿಂತ ಕಿವಿಯಿಲ್ಲದ ಆನೆಯೇ ಅದಕ್ಕೆ ಅಚ್ಚುಮೆಚ್ಚು.

ಆ ಅಜ್ಜಿ ಹೋದ ಮೇಲೆ ಆನೆ ಉಳಿಯಬಹುದು. ಕಥೆ ಉಳಿಯುವ ಭರವಸೆಯಿಲ್ಲ. ಕಥೆ ಹೋದ ಮೇಲೆ ಆನೆಯೂ ಒಂದು ದಿನ ಕಸದೊಡನೆ ಹೋಗುತ್ತದೆ. ಆದುದರಿಂದ ಗೊಂಬೆಗಳನ್ನು ಮರಳಿ ಕಟ್ಟಿಡುವಾಗ ಪ್ರತಿಯೊಂದರ ಜೊತೆ ಒಂದು ಚೀಟಿ ಇಡುವುದು ಒಳ್ಳೆಯದು: ಯಾರು ಕೊಟ್ಟದ್ದು, ಯಾವ ವರ್ಷದ್ದು, ಯಾವ ಜಾತ್ರೆಯದು, ಹೇಗೆ ಮುರಿಯಿತು. ಮಣ್ಣಿನ ಗೊಂಬೆಯನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು. ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಚೆನ್ನಾಗಿ ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಬೇಕು. ಒಣ ಬೇವಿನೆಲೆ ಹುಳುವನ್ನು ದೂರವಿಡುತ್ತದೆಂಬುದು ಹಿರಿಯರ ಅನುಭವ. ಅರಗಿನ ಗೊಂಬೆ ಬಿಸಿಲಿಗೆ ಮೆತ್ತಗಾಗುವುದರಿಂದ ಹೆಂಚಿನ ಕೆಳಗಿನ ಕಾದ ಅಟ್ಟ ಅದಕ್ಕೆ ತಕ್ಕ ಸ್ಥಳವಲ್ಲ.

ಬೆಲೆಯ ಚಿಂತೆಗೂ ಪರಿಹಾರವಿದೆ. ಹೊಸ ಗೊಂಬೆಗಳನ್ನೆಲ್ಲ ಅಂಗಡಿಯಿಂದಲೇ ತರಬೇಕೆಂಬ ನಿಯಮವೆಲ್ಲಿದೆ? ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದರೆ ಕೆಲವೇ ದಿನಗಳಲ್ಲಿ ಹಸಿರು ಹೊಲ ಸಿದ್ಧ. ಅದರ ಹಿಂದೆ ಜೇಡಿಮಣ್ಣಿನಿಂದ ಮಧುಗಿರಿಯ ಏಕಶಿಲಾ ಬೆಟ್ಟವನ್ನು ಮಕ್ಕಳೇ ನಿಲ್ಲಿಸಬಹುದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡಿದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೊರಟಗೆರೆಯಲ್ಲಿ ಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟವಿದೆ. ಪಾವಗಡದ ತಿರುಮಣಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವಿದೆ. ಜೋಳದ ದಂಟಿನ ಬೆಂಡಿನಿಂದ ಜಿಂಕೆ, ಹುಣಸೆಯ ರೆಂಬೆಯಿಂದ ಮರ, ಒಡೆದ ಕನ್ನಡಿಯ ಚೂರುಗಳನ್ನು ಹಿರಿಯರು ಅಂಟಿಸಿಕೊಟ್ಟರೆ ಸೌರ ಫಲಕ! ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ ಚೌಕಾಬಾರ ಆಡುತ್ತಿದ್ದ ಸೀಮೆಗೆ ಇಂಥ ಕೈಗೆಲಸ ಹೊಸತೇ? ಈ ನಾಲ್ಕು ತಾಲ್ಲೂಕುಗಳು ಕೂಡಿಯೇ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿರುವುದರಿಂದ, ಇಲ್ಲಿನ ಶಾಲೆಗಳು ನವರಾತ್ರಿಯಲ್ಲಿ ಒಂದು ದಿನ ಮಕ್ಕಳ ಕೈಗೊಂಬೆಗಳ ಸಮ್ಮೇಳನ ಸೇರಿಸಿದರೆ, ಖರ್ಚು ಅತ್ಯಲ್ಪ, ಲಾಭ ಅಪಾರ.

ಶಾಲೆಯ ಮಾತಿಗೆ ಇನ್ನೊಂದು ಕಾರಣವೂ ಇದೆ. ಹಿಂದೆ ಸಂಜೆಯಾದೊಡನೆ ಮಕ್ಕಳು ಗುಂಪಾಗಿ, “ಗೊಂಬೆ ಕೂರಿಸಿದ್ದೀರಾ?” ಎಂದು ಮನೆಮನೆಯ ಬಾಗಿಲಲ್ಲಿ ಕೂಗುತ್ತಿದ್ದರು. ಆರತಿಯಾದ ಮೇಲೆ ಪುಟ್ಟ ಕೈಗಳಿಗೆ ಗೊಂಬೆ ಬಾಗಿನದ ಉಸಲಿಯೋ ಸಿಹಿಯೋ ಬೀಳುತ್ತಿತ್ತು. ಆ ದಿನಗಳನ್ನು ನೆನೆದು ಕಣ್ಣು ತೇವಗೊಳ್ಳುವುದು ಸಹಜ. ಆದರೆ ಎಲ್ಲ ಬಾಗಿಲುಗಳೂ ಎಲ್ಲ ಮಕ್ಕಳಿಗೂ ತೆರೆದಿರಲಿಲ್ಲವೆಂಬುದನ್ನು ಮರೆಯಲಾಗದು. ಹೊಸ್ತಿಲಾಚೆ ನಿಂತು, ಒಳಗಿನ ದೀಪವನ್ನು ಮಾತ್ರ ಕಂಡು ಹಿಂದಿರುಗಿದ ಮಕ್ಕಳೂ ಇದ್ದರು. ಹಳೆಯದನ್ನು ಮರಳಿ ತರುವಾಗ ಅದರ ಕೊರತೆಯನ್ನೂ ಜೊತೆಗೆ ತರಬೇಕಾಗಿಲ್ಲ.

ಹಾಗಾದರೆ ಮಗುವಿನ ಪ್ರಶ್ನೆಗೆ ಏನು ಉತ್ತರ? ಪಟ್ಟದ ಗೊಂಬೆಯನ್ನು ಮುಟ್ಟಬೇಡವೆಂದು ಹೇಳಬಹುದು. ಕೆಳಗಿನ ಒಂದು ಮೆಟ್ಟಿಲನ್ನಾದರೂ ಮಕ್ಕಳಿಗೆ ಬಿಟ್ಟುಕೊಡಬೇಕು. ಅಲ್ಲಿ ಅವರು ಮುಟ್ಟಲಿ, ಜೋಡಿಸಲಿ, ಜಗಳವಾಡಲಿ. ಒಂದೆರಡು ಕಿವಿಗಳು ಮುರಿದರೂ ಮುರಿಯಲಿ. ಇನ್ನು ನಲವತ್ತು ವರ್ಷಗಳ ಅನಂತರ ಯಾವುದೋ ಊರಿನ ಯಾವುದೋ ಮನೆಯಲ್ಲಿ ಪೆಟ್ಟಿಗೆ ತೆರೆದಾಗ, “ಇದನ್ನು ಮುರಿದದ್ದು ನಾನೇ” ಎಂದು ಹೇಳಿಕೊಳ್ಳಲು ಒಬ್ಬರಾದರೂ ಇರಬೇಕಲ್ಲವೇ?