‘ನೋಡು’ ಎನ್ನುವವರ ಹೊಣೆ

ನಮ್ಮ ಕರಾವಳಿಯಲ್ಲಿ ರಾತ್ರಿ ಯಕ್ಷಗಾನದ ಆಟ ನೋಡಿ ಬಂದವನನ್ನು ಮರುದಿನ ಯಾರೂ ಕಥೆ ಏನೆಂದು ಕೇಳುವುದಿಲ್ಲ. ಭಸ್ಮಾಸುರ ಕೊನೆಗೆ ತನ್ನ ಕೈಯಿಂದಲೇ ಸುಟ್ಟುಹೋಗುತ್ತಾನೆ ಎನ್ನುವುದು ಕುಮಟೆಯಿಂದ ಭಟ್ಕಳದವರೆಗಿನ ಮಕ್ಕಳಿಗೂ ಗೊತ್ತು. ಕೇಳುವುದೇನಿದ್ದರೂ ನಿನ್ನೆಯ ಭಸ್ಮಾಸುರ ಹೇಗೆ ಸುಟ್ಟುಹೋದ ಎಂದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕಾಲದಲ್ಲಿ ಒಬ್ಬ ಅವರ ಶೃಂಗಾರದ ಕುಣಿತವನ್ನು ಹೊಗಳಿದರೆ, ಇನ್ನೊಬ್ಬ ‘ಕುಣಿದದ್ದು ಹೌದು, ಮಾತೆಲ್ಲಿತ್ತು?’ ಎಂದು ಕೆರೆಮನೆ ಶಂಭು ಹೆಗಡೆಯವರ ಕರ್ಣನನ್ನು ತಂದು ಎದುರು ನಿಲ್ಲಿಸುತ್ತಿದ್ದ. ಮೂರನೆಯವನಿಗೆ ಇಬ್ಬರೂ ಸರಿಕಾಣದೆ ಭಾಗವತರು ತಾಳ ಎಳೆದದ್ದೇ ಕೆಟ್ಟಿತು ಎಂದು ವಾದ. ಓದು ಬರಹ ಅಷ್ಟಕ್ಕಷ್ಟೇ ಇದ್ದವರೂ ಈ ಚರ್ಚೆಯಲ್ಲಿ ಕಾರಣ ಕೊಡದೆ ಮಾತಾಡುತ್ತಿರಲಿಲ್ಲ. ಕಾರಣ ಕೊಡದವನ ಮಾತಿಗೆ ಚಹಾದಂಗಡಿಯ ಬೆಂಚಿನಲ್ಲಿ ಬೆಲೆಯೂ ಇರಲಿಲ್ಲ.

ಅದೇ ಜನರನ್ನು ಹೊಸ ಸಿನಿಮಾದ ಬಗ್ಗೆ ಕೇಳಿ ನೋಡಿ. ‘ಪಿಕ್ಚರ್ ಹ್ಯಾಂಗಿತ್ತು?’ ‘ಅಡ್ಡಿಲ್ಲ. ಒಂದ್ಸಲ ನೋಡ್ಲಕ್ಕು.’ ಹುಡುಗರಾದರೆ ‘ಸೂಪರ್’ ಅಥವಾ ‘ತಲೆನೋವು’. ಇವೆರಡರ ನಡುವೆ ಬೇರೆ ಮಾತಿಲ್ಲ. ಆಟದ ವಿಷಯದಲ್ಲಿ ಅಷ್ಟು ಸೂಕ್ಷ್ಮವಾದ ನಾಲಿಗೆ ಸಿನಿಮಾದ ವಿಷಯದಲ್ಲಿ ಇಷ್ಟು ಮೊಂಡಾದದ್ದು ಯಾಕೆ? ಇನ್ನೊಬ್ಬರಿಗೆ ಒಂದು ಚಿತ್ರವನ್ನು ‘ನೋಡು’ ಎಂದು ಹೇಳುವಾಗ ನಾವು ನಿಜಕ್ಕೂ ಮಾಡುತ್ತಿರುವುದೇನು?

ಈ ಪ್ರಶ್ನೆ ಕೇಳುವುದಕ್ಕೆ ಶಿರಾಲಿಗಿಂತ ತಕ್ಕ ಊರು ಸಿಗಲಿಕ್ಕಿಲ್ಲ. ಭಟ್ಕಳದಿಂದ ಮುರ್ಡೇಶ್ವರಕ್ಕೆ ಹೋಗುವ ಹೆದ್ದಾರಿಯಲ್ಲಿ ಬಸ್ಸು ನಿಂತು ಹೊರಡುವಷ್ಟರಲ್ಲಿ ಮುಗಿದುಹೋಗುವ ಪೇಟೆ ಇದು. ಆದರೆ ಇಲ್ಲಿಯ ಚಿತ್ರಾಪುರ ಮಠದ ಶಿಷ್ಯ ಸಮುದಾಯದಿಂದ ಬಂದವರ ಹೆಸರು ಹೇಳುತ್ತ ಹೋದರೆ ಭಾರತೀಯ ಸಿನಿಮಾದ ಒಂದು ಅಧ್ಯಾಯವೇ ಆಗುತ್ತದೆ: ಗುರುದತ್, ಶ್ಯಾಮ್ ಬೆನಗಲ್, ಗಿರೀಶ ಕಾರ್ನಾಡ, ಅನಂತ್ ನಾಗ್, ಶಂಕರ್ ನಾಗ್, ದೀಪಿಕಾ ಪಡುಕೋಣೆ. ಅಷ್ಟು ಚಿಕ್ಕ ಸಮುದಾಯಕ್ಕೆ ಇದು ಹೇಗೆ ಸಾಧ್ಯವಾಯಿತು ಎನ್ನುವುದು ಬೇರೆಯೇ ಒಂದು ಪ್ರಬಂಧದ ವಿಷಯ. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಇವರಲ್ಲಿ ಹೆಚ್ಚಿನವರ ಒಳ್ಳೆಯ ಕೆಲಸ ಮೊದಲ ವಾರದ ಗದ್ದಲದಿಂದ ಉಳಿದದ್ದಲ್ಲ, ನೋಡಿದವರು ನೋಡದವರಿಗೆ ವರ್ಷಗಟ್ಟಲೆ ಹೇಳುತ್ತ ಬಂದದ್ದರಿಂದ ಉಳಿದದ್ದು.

ಮೊದಲು ಲೆಕ್ಕದ ಮಾತು. ಶಿರಾಲಿಯವನಿಗೆ ‘ಥಿಯೇಟರಲ್ಲೇ ನೋಡು’ ಎಂದು ಹೇಳಿದರೆ, ದೊಡ್ಡ ಪರದೆಯ ಮೇಲೆ ಚೆನ್ನಾಗಿ ನೋಡಬೇಕೆಂಬ ಆಸೆ ಇದ್ದಲ್ಲಿ, ಅವನು ಉಡುಪಿ-ಮಣಿಪಾಲದ ಕಡೆಗೆ ಹೆಚ್ಚುಕಡಿಮೆ ನೂರು ಕಿಲೋಮೀಟರು ಹೋಗಬೇಕು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ಟಿಕೆಟಿಗೆ 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಟಿಕೆಟು, ಪೆಟ್ರೋಲು, ಊಟ, ಮರಳಿ ಬರುವಾಗಿನ ರಾತ್ರಿ ಎಲ್ಲ ಸೇರಿದರೆ ನಾಲ್ಕು ಜನರ ಮನೆಗೆ ಅದು ಸಣ್ಣ ಖರ್ಚಲ್ಲ. ನಾಲಗೆಯ ತುದಿಯ ಒಂದು ‘ಸೂಪರ್’ ಇನ್ನೊಬ್ಬರ ಒಂದಿಡೀ ಭಾನುವಾರವನ್ನು ತೆಗೆದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ಮೆಟ್ರೊ ಇಳಿದು ಮಾಲ್ ಹೊಕ್ಕುವವರಿಗೆ ಇದರ ಭಾರ ತಿಳಿಯುವುದು ಕಷ್ಟ. ದುಬೈಯಲ್ಲಿರುವ ಭಟ್ಕಳದ ನೆಂಟರೋ ಗೆಳೆಯರೋ ಹಲವು ಸಲ ಇಲ್ಲಿಯವರಿಗಿಂತ ಒಂದು ದಿನ ಮೊದಲೇ, ಗುರುವಾರವೇ ಚಿತ್ರ ನೋಡಿ ಮುಗಿಸಿ, ನಮ್ಮ ಶುಕ್ರವಾರದ ಉತ್ಸಾಹಕ್ಕೆ ಬೆಳಿಗ್ಗೆಯೇ ತಣ್ಣೀರು ಎರಚಿರುತ್ತಾರೆ. ಅದು ಬೇರೆ ಗೋಳು.

ಇಂಥ ಮಾತುಗಳಿಗೆ ಹೆದರಿಯೇ ಚಿತ್ರ ನಿರ್ಮಾಪಕರು ನ್ಯಾಯಾಲಯದ ಬಾಗಿಲು ಬಡಿದದ್ದು. 2024ರ ಡಿಸೆಂಬರಿನಲ್ಲಿ ತಮಿಳು ನಿರ್ಮಾಪಕರ ಸಂಘವೊಂದು, ಬಿಡುಗಡೆಯಾದ ಮೊದಲ ಮೂರು ದಿನ ಯಾರೂ ವಿಮರ್ಶೆ ಪ್ರಕಟಿಸದಂತೆ ತಡೆಯಬೇಕೆಂದು ಮದರಾಸು ಹೈಕೋರ್ಟಿಗೆ ಹೋಯಿತು. ಅಭಿವ್ಯಕ್ತಿಯ ಸ್ವಾತಂತ್ರ್ಯ ಇರುವಲ್ಲಿ ಹಾಗೆ ಸಾರಾಸಗಟು ಬಾಯಿ ಕಟ್ಟಲಾಗದು ಎಂದು ನ್ಯಾಯಾಲಯ ಒಪ್ಪಲಿಲ್ಲ. ಸರಿಯಾದ ನಿಲುವೇ. ಟ್ರೈಲರಿನಿಂದ ಹಿಡಿದು ಕಟೌಟಿನ ತನಕ ಹೊಗಳಿಕೆಯನ್ನು ಸ್ವಂತ ಖರ್ಚಿನಲ್ಲಿ ಮಾಡಿಕೊಂಡವರು, ದುಡ್ಡು ಕೊಟ್ಟು ನೋಡಿದವನು ಮಾತ್ರ ಮೂರು ದಿನ ಸುಮ್ಮನಿರಲಿ ಎನ್ನುವುದು ಯಾವ ನ್ಯಾಯ? ದುಡ್ಡು ತೆಗೆದುಕೊಂಡು ಹೊಗಳುವ, ಕೊಡದಿದ್ದರೆ ತೆಗಳುವ ದಂಧೆಯೊಂದು ಇದೆ ಎಂಬ ಅವರ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ದಂಧೆ ನಡೆಯುವುದು ಅಭಿಪ್ರಾಯ ಬೇಗ ಬರುವುದರಿಂದಲ್ಲ, ಕಾರಣವಿಲ್ಲದೆ ಬರುವುದರಿಂದ. ಐದಕ್ಕೆ ಎರಡು ನಕ್ಷತ್ರ ಕೊಟ್ಟವನೊಡನೆ ಜಗಳವಾಡುವುದು ಹೇಗೆ? ‘ಮಧ್ಯಂತರದ ನಂತರ ನಾಯಕಿಯೇ ಕಾಣೆಯಾಗುತ್ತಾಳೆ’ ಎಂದವನೊಡನೆ ಆಡಬಹುದು. ಅವನು ಸುಳ್ಳು ಹೇಳಿದ್ದರೆ ಚಿತ್ರ ನೋಡಿದ ಎರಡನೆಯವನು ಹಿಡಿಯುತ್ತಾನೆ. ಆಟದ ಮರುದಿನದ ಬೆಂಚಿನಲ್ಲಿ ಪೇಯ್ಡ್ ರಿವ್ಯೂ ನಡೆಯುತ್ತಿರಲಿಲ್ಲ. ನಡೆದಿದ್ದರೆ ‘ಯಾವ ಪದಕ್ಕೆ? ಎಷ್ಟು ಹೊತ್ತಿಗೆ?’ ಎಂಬ ಎರಡು ಪ್ರಶ್ನೆಗೆ ಬಯಲಾಗುತ್ತಿತ್ತು.

ಕಥೆ ಹೇಳಿಬಿಟ್ಟರೆ ಮಜಾ ಹೋಗುತ್ತದೆ ಎಂಬ ಭಯ ನಮ್ಮ ಸಿನಿಮಾ ಮಾತನ್ನು ಬಡವಾಗಿಸಿದೆ. ‘ರಂಗಿತರಂಗ’ದಂಥ ಪತ್ತೇದಾರಿ ಎಳೆಯ ಚಿತ್ರಕ್ಕೆ ಈ ಎಚ್ಚರ ಬೇಕು, ಒಪ್ಪುತ್ತೇನೆ. 2015ರ ಜುಲೈಯಲ್ಲಿ ಅದು ಬಂದ ಒಂದೇ ವಾರಕ್ಕೆ ‘ಬಾಹುಬಲಿ’ ಬಂತು. ಎದುರಿನ ಆ ಆನೆಯ ಕಾಲಡಿ ಅದು ನಿಂತು ಉಳಿದದ್ದು ನೋಡಿದವರ ಬಾಯಿಮಾತಿನಿಂದ, ಅದೂ ಗುಟ್ಟು ಬಿಡದ ಬಾಯಿಮಾತಿನಿಂದ. ಆದರೆ ಎಲ್ಲ ಚಿತ್ರಗಳನ್ನೂ ಗುಟ್ಟಿನ ಪೆಟ್ಟಿಗೆ ಎಂದೇ ನೋಡುವುದು ಯಾಕೆ? ‘ಗಣೇಶನ ಮದುವೆ’ 1990ರದು. ಗಣೇಶನಿಗೆ ಮದುವೆಯಾಗುತ್ತದೆ ಎಂದು ಹೆಸರಲ್ಲೇ ಇದೆ. ಟಿವಿಯಲ್ಲಿ ಹತ್ತನೆಯ ಸಲ ಬಂದರೂ ಜನ ಕೂತು ನೋಡುವುದು ಅನಂತ್ ನಾಗ್ ಸಿಟ್ಟನ್ನು ನುಂಗಿಕೊಳ್ಳುವ ಬಗೆಯನ್ನು. ‘ಹೇಗೆ’ ಎಂಬುದರ ಬಗ್ಗೆ ಎಷ್ಟು ಮಾತಾಡಿದರೂ ಕಥೆಯ ಒಂದು ಎಳೆಯೂ ಹರಿಯುವುದಿಲ್ಲ.

ಅಭಿಪ್ರಾಯಕ್ಕೆ ಕಾರಣ ಇದ್ದರೂ ಸಾಲದು, ಯಾರಿಗೆ ಹೇಳುತ್ತಿದ್ದೇವೆ ಎಂಬ ಅರಿವೂ ಬೇಕು. 2016ರಲ್ಲಿ ಹೇಮಂತ್ ರಾವ್ ನಿರ್ದೇಶಿಸಿದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರವನ್ನೇ ತೆಗೆದುಕೊಳ್ಳಿ. ಮರೆವಿನ ಕಾಯಿಲೆಗೆ ಸಿಕ್ಕಿದ ವೆಂಕೋಬ ರಾವ್ ಕಾಣೆಯಾಗುತ್ತಾರೆ. ಅಪ್ಪನನ್ನು ಆಶ್ರಮದಲ್ಲಿ ಬಿಟ್ಟು ಮುಂಬೈ ಸೇರಿದ್ದ ಮಗ ಹುಡುಕಿಕೊಂಡು ಅಲೆಯುತ್ತಾನೆ. ಬಾಲ್ಯದ ಒಂದಷ್ಟು ಕಾಲವನ್ನು ಚಿತ್ರಾಪುರ ಮಠದ ಪರಿಸರದಲ್ಲಿ ಕಳೆದ ಅನಂತ್ ನಾಗ್ ಈ ಪಾತ್ರದಲ್ಲಿ ಮಾಡಿದ್ದು ಬಹಳ ಕಡಿಮೆ. ಕಣ್ಣು ಮಾತ್ರ ಎಲ್ಲೋ ಹುಡುಕುತ್ತಿರುತ್ತದೆ. ನನ್ನ ಲೆಕ್ಕದಲ್ಲಿ ಅವರ ಅತ್ಯುತ್ತಮ ಮೂರು ಪಾತ್ರಗಳಲ್ಲಿ ಇದೊಂದು. ಕಾಲೇಜು ಹುಡುಗನೊಬ್ಬ ಕೇಳಿದರೆ ‘ಹೋಗಿ ನೋಡು, ನಿನ್ನಪ್ಪನಿಗೊಂದು ಫೋನ್ ಮಾಡುತ್ತೀ’ ಎಂದು ನಗುತ್ತ ಹೇಳಬಹುದು. ಮನೆಯಲ್ಲೇ ಅಂಥ ಅಪ್ಪನನ್ನು ನೋಡಿಕೊಳ್ಳುತ್ತಿರುವ ಮಗಳಿಗೆ? ಆಕೆಗೆ ಅದೇ ಚಿತ್ರ ಬೇರೆಯೇ ಆಗುತ್ತದೆ. ಅವಳಿಗೆ ಅದು ಸಮಾಧಾನ ಕೊಡಬಹುದು, ರಾತ್ರಿಯ ನಿದ್ದೆಯನ್ನೂ ಕೆಡಿಸಬಹುದು. ವಿಷಯ ಇದು, ಅಪ್ಪ ಕಾಣೆಯಾಗುತ್ತಾರೆ, ಬೇಕೆನಿಸಿದಾಗ ನೋಡು ಎಂದು ಮೊದಲೇ ಹೇಳುವುದು ಆಕೆಗೆ ಕೊಡುವ ಮರ್ಯಾದೆ. ಅಲ್ಲಿ ಕಥೆ ಮುಚ್ಚಿಡುವುದು ಹೃದಯಹೀನತನ. ಲಕ್ಷ ಜನರ ಸರಾಸರಿ ಅಂಕಿಗೆ ಈ ಮಗಳು ಕಾಣಿಸುವುದಿಲ್ಲ. ನೆರೆಯವನಿಗೆ ಕಾಣಿಸುತ್ತಾಳೆ, ಕಾಣಿಸಬೇಕು.

ಹಾಗೆಂದು ನೆರೆಯವನ ನಾಲಗೆಯನ್ನು ಪೂರ್ತಿ ನಂಬುವಂತೆಯೂ ಇಲ್ಲ. ಅವನಿಗೆ ‘ನಮ್ಮವ’ ಎಂಬ ಮೋಹ ದೊಡ್ಡದು. ಶಂಕರ್ ನಾಗ್ ಹೊನ್ನಾವರ ಸೀಮೆಯವರು ಎಂಬ ಕಾರಣಕ್ಕೇ ಅವರು ನಟಿಸಿದ ಹೊಡೆದಾಟದ ಚಿತ್ರಗಳನ್ನೆಲ್ಲ ಅವರೇ ನಿರ್ದೇಶಿಸಿದ ‘ಮಿಂಚಿನ ಓಟ’ದ, ‘ಆಕ್ಸಿಡೆಂಟ್’ನ ಸಾಲಿಗೇ ಸೇರಿಸುವವರು ಇಲ್ಲಿ ಬೇಕಾದಷ್ಟು. 1996ರ ‘ನಮ್ಮೂರ ಮಂದಾರ ಹೂವೇ’ಯಲ್ಲಿ ತಮ್ಮ ತಾಲ್ಲೂಕಿನ ಯಾಣ ಕಂಡಿತು ಎಂಬ ಹೆಮ್ಮೆಯಲ್ಲಿ ಚಿತ್ರ ಹೇಗಿತ್ತು ಎಂಬುದನ್ನು ಕುಮಟೆಯವರು ಇನ್ನೂ ವಿಚಾರಿಸಿಲ್ಲ (ಹಾಡುಗಳು ಚೆನ್ನಾಗಿವೆ, ಅದರಲ್ಲಿ ತಕರಾರಿಲ್ಲ). ದೈವಾರಾಧನೆಯ ಕಥೆ ಹೇಳಿದ ‘ಕಾಂತಾರ’ದ ಹೊತ್ತಿಗೆ ಈ ಮೋಹ ಇನ್ನೊಂದು ಮಟ್ಟಕ್ಕೆ ಹೋಯಿತು. 2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಮಾತ್ರ ತೆರೆಗೆ ಬಂದ ಚಿತ್ರ ಬಾಯಿಂದ ಬಾಯಿಗೆ ಹರಡಿ, ಎರಡು ವಾರದಲ್ಲಿ ಹಿಂದಿಗೂ ಹೋಯಿತು. ಬಾಯಿಮಾತಿನ ಶಕ್ತಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ನಾಲ್ಕನೆಯ ವಾರದಲ್ಲಿ ‘ನಾಯಕಿಯ ಜೊತೆ ನಾಯಕ ನಡೆದುಕೊಂಡದ್ದು ನನಗೆ ಹಿಡಿಸಲಿಲ್ಲ’ ಎಂದು ಒಬ್ಬ ಹೆಣ್ಣುಮಗಳು ಹೇಳಿದರೆ, ಅವಳಿಗೆ ಸಿಕ್ಕಿದ್ದು ಉತ್ತರವಲ್ಲ, ದೈವನಿಂದನೆಯ ಆರೋಪ. ಎಲ್ಲರೂ ಮೆಚ್ಚಿದ ಚಿತ್ರವನ್ನು ಮೆಚ್ಚದವರ ಹತ್ತಿರ ಯಾವಾಗಲೂ ಹೊಸದೊಂದು ಮಾತಿರುತ್ತದೆ. ಅದನ್ನು ಕೇಳಿಸಿಕೊಳ್ಳದ ಊರಿನಲ್ಲಿ ಶಿಫಾರಸು ಮೆರವಣಿಗೆಯಾಗುತ್ತದೆ.

2025ರ ಜುಲೈಯಲ್ಲಿ ಬಂದ ‘ಸು ಫ್ರಮ್ ಸೋ’ ಕೂಡ ದೊಡ್ಡ ತಾರೆಗಳಿಲ್ಲದೆ, ಬಿಡುಗಡೆಗೆ ಮುಂಚಿನ ಪ್ರೀಮಿಯರುಗಳಲ್ಲಿ ನೋಡಿದವರ ನಗುವಿನಿಂದಲೇ ಗೆದ್ದದ್ದು. ಜನ ಗುಂಪಾಗಿ ನಗುವ ಚಿತ್ರಕ್ಕೆ ಬಾಯಿಮಾತು ಬೇಗ ಹತ್ತುತ್ತದೆ. ಒಬ್ಬೊಬ್ಬರಾಗಿ ಸುಮ್ಮನಾಗಿಸುವ ಚಿತ್ರಕ್ಕೆ ಹತ್ತುವುದಿಲ್ಲ.

ಗುರುದತ್ ಅವರ ‘ಕಾಗಜ್ ಕೆ ಫೂಲ್’ಗೆ ಆದದ್ದು ಇದು. 1959ರಲ್ಲಿ ಬಂದ, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ, ಕತ್ತಲಲ್ಲಿ ಬೆಳಕಿನ ಒಂದು ಕಂಬವನ್ನೇ ನಿಲ್ಲಿಸಿದ ಚಿತ್ರ. ಆಗಿನ ಪ್ರೇಕ್ಷಕ ತಿರಸ್ಕರಿಸಿದ. ಗುರುದತ್ ಆಮೇಲೆ ನಿರ್ದೇಶಕನೆಂದು ತಮ್ಮ ಹೆಸರನ್ನು ಯಾವ ಚಿತ್ರಕ್ಕೂ ಹಾಕಿಕೊಳ್ಳಲಿಲ್ಲ, 1964ರಲ್ಲಿ ತೀರಿಕೊಂಡರು. ಆವತ್ತಿನ ಬಾಯಿಮಾತು ಏನು ಹೇಳಿರಬಹುದೆಂದು ಊಹಿಸುವುದು ಕಷ್ಟವಲ್ಲ: ಬೇಸರ, ಅಳು, ದುಡ್ಡು ದಂಡ. ಆ ಮಾತನ್ನು ಸುಳ್ಳು ಎನ್ನಲಾರೆ. ದಣಿದು ಬಂದವನಿಗೆ ಅದು ಬೇಸರದ ಚಿತ್ರವೇ. ಆದರೆ ಎಲ್ಲೋ ಒಬ್ಬ ‘ಆ ಬೆಳಕನ್ನು ನೋಡು’ ಎಂದು ಇನ್ನೊಬ್ಬನಿಗೆ ಹೇಳಿದ, ಅವನು ಮತ್ತೊಬ್ಬನಿಗೆ. ಹೀಗೆ ದಶಕಗಳ ಮೇಲೆ ಚಿತ್ರ ಎದ್ದು ಕೂತಿತು. ಅದು ಗುರುದತ್ ಕಾಣದ ಗೆಲುವು.

ಇಂಥ ನಿಧಾನದ ಶಿಫಾರಸಿಗೆ ನೆಲೆ ಬೇಕಾಗುತ್ತದೆ. ಶ್ಯಾಮ್ ಬೆನಗಲ್ ಚಿತ್ರ ಮಾಡುವುದಕ್ಕೆ ಬಹಳ ಮೊದಲು, ವಿದ್ಯಾರ್ಥಿಯಾಗಿದ್ದಾಗಲೇ, ಹೈದರಾಬಾದಿನಲ್ಲಿ ಫಿಲ್ಮ್ ಸೊಸೈಟಿ ಕಟ್ಟಿದವರು. ನೋಡುವವರನ್ನು ಮೊದಲು ಒಟ್ಟುಗೂಡಿಸಿ ಆಮೇಲೆ ‘ಅಂಕುರ್’ಗೆ ಬಂದರು ಎನ್ನಬಹುದು. ಅನಂತ್ ನಾಗ್ ಕೂಡ ನಟಿಸಿದ ಬೆನಗಲ್ ಅವರ ‘ಮಂಥನ್’ಗೆ 1976ರಲ್ಲಿ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲೆಗೆ ಎರಡೆರಡು ರೂಪಾಯಿ ಹಾಕಿ, ಚಿತ್ರ ಬಂದಾಗ ಲಾರಿಗಳಲ್ಲಿ ತುಂಬಿಕೊಂಡು ಹೋಗಿ ನೋಡಿದರು. ನಮ್ಮ ಘಟ್ಟದ ಮೇಲೆಯೇ, ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಶುರುಮಾಡಿ, ಅಡಿಕೆ ಸುಲಿದು ಬಂದವರ ಎದುರು ಕುರೊಸಾವಾ, ಸತ್ಯಜಿತ್ ರೇ ಅವರ ಚಿತ್ರಗಳನ್ನು ತೋರಿಸಿತು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುತ್ತದೆಯೇ ಎಂಬ ಪೇಟೆಯ ಅನುಮಾನಕ್ಕೆ ಅಲ್ಲಿಯ ಚರ್ಚೆಗಳೇ ಉತ್ತರ. ಒಬ್ಬರೇ ಕೋಣೆಯಲ್ಲಿ ಫೋನಿನಲ್ಲಿ ನೋಡಿ ಮುಗಿಸುವ ಈಗಿನ ಕಾಲಕ್ಕೆ ಅದು ಹಳತಾಯಿತು ಎನ್ನುವವರನ್ನು ನಾನು ಒಪ್ಪುವುದಿಲ್ಲ. ಚಿತ್ರಗಳು ಕೈಗೆಟಕುವಷ್ಟು ಹತ್ತಿರ ಬಂದಿವೆ ನಿಜ. ಯಾವುದನ್ನು ನೋಡಬೇಕು ಎಂದು ಕಾರಣ ಸಹಿತ ಹೇಳುವವರು ಮಾತ್ರ ಕಡಿಮೆಯಾಗಿದ್ದಾರೆ. ಆ ಜಾಗದಲ್ಲಿ ‘ನೀವು ಇದನ್ನೂ ಇಷ್ಟಪಡಬಹುದು’ ಎಂದು ಯಂತ್ರ ಕೂತಿದೆ. ನಾವು ನಿನ್ನೆ ನೋಡಿದ್ದನ್ನೇ ಅದು ಹೆಸರು ಬದಲಿಸಿ ಇವತ್ತು ಬಡಿಸುತ್ತದೆ.

ಆದ್ದರಿಂದ ಶಿರಾಲಿಯವರಲ್ಲಿ, ಸುತ್ತಿನ ಭಟ್ಕಳ, ಹೊನ್ನಾವರ, ಕುಮಟೆಗಳ ಗ್ರಂಥಾಲಯ, ಯುವಕ ಮಂಡಳ, ಕಾಲೇಜುಗಳನ್ನು ನಡೆಸುವವರಲ್ಲಿ ನನ್ನದೊಂದು ವಿನಂತಿ. ತಿಂಗಳಿಗೊಮ್ಮೆ ಒಂದು ಸಭಾಭವನದಲ್ಲಿ ಒಂದು ಚಿತ್ರ ತೋರಿಸಿ. ಪ್ರೊಜೆಕ್ಟರು ಈಗ ಹಲವು ಶಾಲೆಗಳ ಹತ್ತಿರ ಇದೆ, ಇಲ್ಲದಿದ್ದರೆ ಮದುವೆ ಮನೆಯವರ ಹತ್ತಿರ ಸಿಗುತ್ತದೆ. ಹಕ್ಕಿನವರ ಅನುಮತಿ ಪಡೆಯುವ ಕೆಲಸ ಸ್ವಲ್ಪ ಇದೆ, ಅದನ್ನು ಮಾಡಿ. ಭಾಷಣ, ಹಾರ, ಸ್ವಾಗತ ಬೇಡ. ಚಿತ್ರ ಮುಗಿದ ಮೇಲೆ ಅರ್ಧ ಗಂಟೆ ಯಾರೂ ಏಳದೆ ಮಾತಾಡಲಿ. ‘ಅಡ್ಡಿಲ್ಲ’ ಎಂದವರನ್ನು ‘ಯಾವ ದೃಶ್ಯ?’ ಎಂದು ಕೇಳಲಿ. ಗುರುದತ್ ಹುಟ್ಟಿ 2025ಕ್ಕೆ ನೂರು ವರ್ಷ ತುಂಬಿತು. ಮೊದಲ ತಿಂಗಳಿಗೆ ನನ್ನ ಸೂಚನೆ ‘ಕಾಗಜ್ ಕೆ ಫೂಲ್’. ಉದ್ದ ಇದೆ, ನಡುವಿನ ಹಾಸ್ಯದ ಭಾಗ ಎಳೆದಾಡುತ್ತದೆ, ಸಂತೋಷದ ಚಿತ್ರ ಅಂತೂ ಅಲ್ಲ. ಬೆಳಕಿಗಾಗಿ ಬನ್ನಿ.