ಉಂಡು ಮಲಗಿದ ಮೇಲೆ?

'ಥಪ್ಪಡ್' ಸಿನಿಮಾ ನಾನು ನೋಡಿದ್ದು ಮನೆಯಲ್ಲಿ, ಊರಿಂದ ಬಂದಿದ್ದ ದೊಡ್ಡಮ್ಮನ ಜೊತೆ. ಅವರಿಗೆ ಹಿಂದಿ ಅಷ್ಟಕ್ಕಷ್ಟೇ. ಆದರೆ ತುಂಬಿದ ಪಾರ್ಟಿಯಲ್ಲಿ ಗಂಡ ಹೆಂಡತಿಯ ಕೆನ್ನೆಗೆ ಬಾರಿಸೋದು ಅರ್ಥವಾಗೋಕೆ ಭಾಷೆ ಯಾಕೆ ಬೇಕು? ಅಮೃತಾ ವಿಚ್ಛೇದನದ ಮಾತೆತ್ತಿದಾಗ ದೊಡ್ಡಮ್ಮ ಅಂದಿದ್ದು ಒಂದೇ ಮಾತು: "ಅಯ್ಯೋ, ಇಷ್ಟಕ್ಕೇನಾ?"

ಮಾರನೇ ದಿನ ಆಫೀಸಿನ ಊಟದ ಟೇಬಲ್ಲಿನಲ್ಲೂ ಅದೇ ಸಿನಿಮಾದ ಮಾತು ಬಂತು. ಹೊರದೇಶದಲ್ಲಿ ಓದಿ ಬಂದ ಸಹೋದ್ಯೋಗಿ ಹೇಳಿದ: "ಒಂದೇ ಏಟಿಗೆ ಡಿವೋರ್ಸಾ? ಸ್ವಲ್ಪ ಓವರ್ ಆಯ್ತು ಕಣೇ."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ದೊಡ್ಡಮ್ಮನಿಗೂ ಎಂಎಸ್ ಮಾಡಿದ ಈ ಮಹಾಶಯನಿಗೂ ಇದೊಂದು ಪಾಠ ಮಾತ್ರ ಒಂದೇ ಥರ ಬಾಯಿಪಾಠ ಆಗಿದೆ. ಹೇಳಿಕೊಟ್ಟವರಲ್ಲಿ ನಮ್ಮ ಸಿನಿಮಾನೂ ಒಂದು.

ನೆನಪು ಮಾಡಿಕೊಳ್ಳಿ. 1976ರ 'ಬಹದ್ದೂರ್ ಗಂಡು', 1989ರ 'ನಂಜುಂಡಿ ಕಲ್ಯಾಣ'. ಎರಡರಲ್ಲೂ ಇರೋದು ಶೇಕ್ಸ್‌ಪಿಯರನ 'ಟೇಮಿಂಗ್ ಆಫ್ ದ ಶ್ರೂ' ನಾಟಕದ ಎಳೆ. ಸೊಕ್ಕಿನ ಹೆಣ್ಣು, ಅವಳ ಸೊಕ್ಕಿಳಿಸುವ ಗಂಡು, ಕೊನೆಗೆ ತಲೆಬಗ್ಗಿಸಿದ ಸಂಸಾರ. ನಾವೆಲ್ಲ ಮನೆಮಂದಿ ಕೂತು ನಕ್ಕಿದ್ದೇವೆ, ನಾನೂ ನಕ್ಕಿದ್ದೇನೆ. ಮಾಲಾಶ್ರೀ ನಾಯಕಿಯಾಗಿ ಮೊದಲ ಸಲ ತೆರೆ ಮೇಲೆ ಬಂದು ಗೆದ್ದಿದ್ದೇ ಪಳಗಿಸಿಕೊಳ್ಳೋ ಹುಡುಗಿಯ ಪಾತ್ರದಲ್ಲಿ ಅನ್ನೋದು ಆಗ ಹೊಳೆಯಲೇ ಇಲ್ಲ. 'ದಾರಿಗೆ ತರೋದು' ಅಂತ ಹೆಸರಿಟ್ಟ ಮೇಲೆ ಹಿಂಸೆ ಹಿಂಸೆಯಾಗಿ ಎಲ್ಲಿ ಕಾಣುತ್ತೆ ಹೇಳಿ?

ಅದೆಲ್ಲ ಹಳೇ ಕಾಲ ಅಂತೀರಾ? 2019ರ 'ಕಬೀರ್ ಸಿಂಗ್' ತಗೊಳ್ಳಿ. ಪ್ರೀತಿಸಿದ ಹುಡುಗಿಗೆ ಹೊಡೆಯೋ ನಾಯಕ, ಗಡ್ಡ ಬಿಟ್ಟು ಕುಡಿದು ಹಾಳಾಗುತ್ತಾನೆ. ಕ್ಯಾಮೆರಾ ಬಿಟ್ಟೂಬಿಡದೆ ಅವನ ನೋವಿನ ಹಿಂದೆಯೇ. ಹೊಡೆಸಿಕೊಂಡವಳಿಗೆ ಏನನ್ನಿಸಿತು? ಕೇಳೋಕೆ ಯಾರಿಗೂ ಪುರುಸೊತ್ತಿಲ್ಲ. ಸಿನಿಮಾ ಆ ವರ್ಷದ ದೊಡ್ಡ ಹಿಟ್ಟುಗಳಲ್ಲೊಂದು. ಪರಸ್ಪರ ಕೆನ್ನೆಗೆ ಹೊಡೆಯುವಷ್ಟು ಸಲಿಗೆ ಇಲ್ಲದ ಪ್ರೀತಿಯಲ್ಲಿ ತನಗೆ ಭಾವನೆಯೇ ಕಾಣೋದಿಲ್ಲ ಅನ್ನೋ ಅರ್ಥದ ಮಾತನ್ನ ನಿರ್ದೇಶಕ ಸಂದೀಪ್ ರೆಡ್ಡಿ ವಂಗಾ ಸಂದರ್ಶನದಲ್ಲೇ ಆಡಿದರು.

"ಸಿನಿಮಾ ನೋಡಿ ಯಾರಾದ್ರೂ ಹೆಂಡ್ತಿಗೆ ಹೊಡೀತಾರಾ?" ಇದು ಖಾಯಂ ಪ್ರಶ್ನೆ. ಇಲ್ಲ ಸ್ವಾಮಿ, ಹೊಡೆಯಲ್ಲ. ಹೊಡೆಯೋನು ಸಿನಿಮಾ ಇಲ್ಲದಿದ್ದರೂ ಹೊಡೀತಾನೆ. ಸಿನಿಮಾ ಕೈ ಎತ್ತಿಸೋದಿಲ್ಲ, ಕೈ ಎತ್ತಿದ ಮೇಲೆ ಸುತ್ತಲಿನವರು ಏನು ಮಾತಾಡಬೇಕು ಅನ್ನೋ ಡೈಲಾಗ್ ಬರೆದುಕೊಡುತ್ತೆ. ಟೆನ್ಷನ್‌ನಲ್ಲಿದ್ದ ಪಾಪ. ಪ್ರೀತಿ ಇರೋದಕ್ಕೇ ಅಲ್ವಾ ಸಿಟ್ಟು? ನೀನೇನು ಅಂದೆ ಮೊದಲು? ಈ ಮಾತುಗಳನ್ನ ಅಮ್ಮ ಹೇಳ್ತಾಳೆ, ಗೆಳತಿ ಹೇಳ್ತಾಳೆ, ದೂರು ಕೊಡೋಕೆ ಹೋದರೆ ಸ್ಟೇಷನ್ನಿನಲ್ಲೂ ಹೇಳ್ತಾರೆ.

ಅಂಕಿ-ಅಂಶ ನೋಡಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂತ ಹೇಳಿದ ಕರ್ನಾಟಕದ ವಿವಾಹಿತ ಮಹಿಳೆಯರು ಶೇ. 44. ದೇಶದಲ್ಲೇ ಅತಿ ಹೆಚ್ಚು, ನಮ್ಮದೇ. ಅದೇ ಸಮೀಕ್ಷೆ ಇನ್ನೊಂದು ಪ್ರಶ್ನೆಯನ್ನೂ ಕೇಳಿತ್ತು: ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಅಡುಗೆ ಸರಿ ಮಾಡದಿದ್ದರೆ, ಅತ್ತೆ-ಮಾವನಿಗೆ ಮರ್ಯಾದೆ ಕೊಡದಿದ್ದರೆ ಗಂಡ ಹೊಡೆಯೋದು ಸರಿಯಾ? ಇಂಥ ಒಂದಾದರೂ ಕಾರಣಕ್ಕೆ ಸರಿ ಅಂದ ಕರ್ನಾಟಕದ ಹೆಂಗಸರು ಮುಕ್ಕಾಲು ಪಾಲು, ಗಂಡಸರು ಅದಕ್ಕಿಂತಲೂ ಹೆಚ್ಚು. ಅಂದರೆ ದೊಡ್ಡಮ್ಮ ಒಬ್ಬರೇ ಅಲ್ಲ, ನಮ್ಮ ಊಟದ ಟೇಬಲ್ಲಿನವನೂ ಒಬ್ಬನೇ ಅಲ್ಲ.

ಸಿನಿಮಾ ಹಿಂಸೆಯನ್ನ 'ಸೀರಿಯಸ್' ಆಗಿ ತೋರಿಸಿದಾಗಲೂ ಒಂದು ಮೋಸ ಇದೆ. ಹೊಡೆಯೋ ಗಂಡ ಯಾವಾಗಲೂ ಕುಡುಕ, ಸಾಲಗಾರ, ಕೆಂಗಣ್ಣಿನವನು. ಅವನನ್ನ ನೋಡಿ ಐಡಿ ಕಾರ್ಡ್ ನೇತುಹಾಕಿಕೊಂಡ ನಾವು ಆರಾಮಾಗಿ ಉಸಿರು ಬಿಡ್ತೀವಿ, ಸದ್ಯ, ಇದು ನಮ್ಮ ಮನೆ ಕಥೆ ಅಲ್ಲ ಅಂತ. 2020ರಲ್ಲಿ ಬಂದ ಅನುಭವ್ ಸಿನ್ಹಾ ಅವರ 'ಥಪ್ಪಡ್' ಚುಚ್ಚಿದ್ದು ಇದೇ ಕಾರಣಕ್ಕೆ. ಅಲ್ಲಿನ ವಿಕ್ರಂ ಒಳ್ಳೇ ಕೆಲಸದಲ್ಲಿರೋ, ಲಂಡನ್ ಪೋಸ್ಟಿಂಗಿಗೆ ಕಾಯುತ್ತಿರೋ ಸಭ್ಯ ಗಂಡ. ಸಿಟ್ಟು ಬಂದಿದ್ದು ಆಫೀಸಿನವರ ಮೇಲೆ, ಏಟು ಬಿದ್ದಿದ್ದು ಹೆಂಡತಿಗೆ. ಬಾಸ್ ಕೆನ್ನೆಗೆ ಯಾಕೆ ಬೀಳಲಿಲ್ಲ? ಅಷ್ಟು ಕೋಪದಲ್ಲೂ ಯಾರಿಗೆ ಹೊಡೆಯಬಹುದು ಅನ್ನೋ ಲೆಕ್ಕ ತಪ್ಪಿರಲಿಲ್ಲ.

ಹಾಗಂತ 'ಥಪ್ಪಡ್'ಗೂ ಪೂರ್ತಿ ಮಾರ್ಕ್ಸ್ ಕೊಡಲ್ಲ ನಾನು. ಅಮೃತಾಗೆ ಬೆನ್ನಿಗೆ ನಿಲ್ಲೋ ಅಪ್ಪ ಇದ್ದಾನೆ, ಹೋಗೋಕೆ ತವರಿದೆ, ವಕೀಲೆ ಇದ್ದಾಳೆ. ಅವಳ ಮನೆಕೆಲಸದ ಸುನೀತಾಳನ್ನ ಗಂಡ ಪದೇ ಪದೇ ಹೊಡೀತಾನೆ. ಅವಳಿಗೆ ಇದ್ಯಾವುದೂ ಇಲ್ಲ. ಅಮೃತಾಳ ಒಂದು ಏಟಿಗೆ ಬೆಚ್ಚಿದ ನಾವು ಸುನೀತಾಳ ಏಟುಗಳನ್ನ ಸೈಡ್ ಟ್ರ್ಯಾಕ್ ಅಂತ ನೋಡಿ ಮುಗಿಸಿದೆವು. ನಮ್ಮ ಸ್ತ್ರೀವಾದ ಲಿಫ್ಟಿನಲ್ಲಿ ಇಳಿದು ಗೇಟಿನ ಹತ್ತಿರವೇ ನಿಂತುಬಿಡಬಾರದು.

ಇನ್ನೊಂದು ವಿಷಯ. ಕೌಟುಂಬಿಕ ಹಿಂಸೆ ಅಂದರೆ ಬರೀ ಹೊಡೆತ ಅಲ್ಲ. 2005ರ ಕಾಯ್ದೆ ಲೈಂಗಿಕ ಹಿಂಸೆ, ಅವಮಾನದ ಮಾತು, ಮಾನಸಿಕ ಹಿಂಸೆ, ಹಣಕಾಸಿನ ಹಿಂಸೆಯನ್ನೂ ಸೇರಿಸಿದೆ. ಅವಳ ಸಂಬಳದ ಎಟಿಎಂ ಕಾರ್ಡು ಅವನ ಪರ್ಸಿನಲ್ಲಿರೋದು, ಕೆಲಸ ಬಿಡು ಅಂತ ದಿನಾ ಹಿಂಸೆ ಕೊಡೋದು, ಇವಕ್ಕೂ ಈ ಕಾಯ್ದೆ ಅನ್ವಯವಾಗಬಹುದು. ನಮ್ಮ ಸಿನಿಮಾದಲ್ಲಿ ಇವೆಲ್ಲ ಇನ್ನೂ 'ಕೇರ್', 'ಪೊಸೆಸಿವ್‌ನೆಸ್'. ಹಿನ್ನೆಲೆಯಲ್ಲಿ ಕೊಳಲು ಬೇರೆ.

ಇಂಥ ಸಿನಿಮಾಗಳನ್ನ ಬ್ಯಾನ್ ಮಾಡಿ ಅಂತ ನಾನು ಕೇಳ್ತಿಲ್ಲ. ಹಿಂಸೆಯನ್ನ ತೋರಿಸಿ, ಧಾರಾಳವಾಗಿ ತೋರಿಸಿ. ಆದರೆ ಏಟು ಬಿದ್ದ ಮೇಲೆ ಕ್ಯಾಮೆರಾ ಅವನ ಕಣ್ಣೀರಿನ ಹಿಂದೆ ಓಡದೆ ಅವಳ ಹತ್ತಿರ ಐದು ನಿಮಿಷ ನಿಲ್ಲಲಿ. ಅವಳು ಕ್ಷಮಿಸದೇ ಹೋದರೆ ಅದನ್ನೂ ಒಂದು ಕ್ಲೈಮ್ಯಾಕ್ಸ್ ಅಂತ ಒಪ್ಪಿಕೊಳ್ಳೋಣ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ. ಸಿನಿಮಾ ಮುಗಿದ ಮೇಲೆ ದೊಡ್ಡಮ್ಮನೂ ಅದನ್ನೇ ಹೇಳಿದರು. ನಾನು ಕೇಳಿದೆ, "ಸರಿ ದೊಡ್ಡಮ್ಮ, ಆ ರಾತ್ರಿ ಉಣ್ಣೋಕೆ ಅಡುಗೆ ಮಾಡೋರು ಯಾರು?"

ದೊಡ್ಡಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, "ಹೊಡೆಸ್ಕೊಂಡೋಳೇ, ಇನ್ಯಾರು?"